ಸೇನೆ ಸೇರುವವರ ಮೊದಲನೆಯ ಪದವಿ

ಬೆಂಗಳೂರಿನ ಈ ಉತ್ತರಭಾಗದಲ್ಲಿ ವಾಸಿಸುವ ನಮಗೆ ಸೇನೆಯೆಂಬುದು ವೃತ್ತಪತ್ರಿಕೆಯಲ್ಲಿ ಮಾತ್ರ ಓದಿ ತಿಳಿಯತಕ್ಕ ವಿಷಯವಲ್ಲ. ಯಲಹಂಕದಲ್ಲಿ ವಾಯುಸೇನೆಯ ನೆಲೆಯಿದ್ದು, ಅಲ್ಲಿಂದ ಮೇಲೇಳುವ ವಿಮಾನಗಳನ್ನು ನಮ್ಮ ಮಕ್ಕಳು ದಿನವೂ ಕಾಣುವರು. ಯಶವಂತಪುರವನ್ನು ದಾಟಿದರೆ ಜಾಲಹಳ್ಳಿ. ಅಲ್ಲಿ ವಾಯುಸೇನೆಯ ತಾಂತ್ರಿಕ ಕಾಲೇಜು 1949ರಿಂದ ನಡೆದುಬಂದಿರುವುದು. ಆರ್. ಟಿ. ನಗರಕ್ಕೆ ಸಮೀಪವಾದ ಜೆ. ಸಿ. ನಗರದಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿರುವುದು. ಹೀಗಿರಲಾಗಿ ನಮ್ಮ ಹುಡುಗಿಯರಲ್ಲಿ ಕೆಲವರ ಮನಸ್ಸು ಸಮವಸ್ತ್ರದ ಕಡೆಗೆ ಹೋಗುವುದು ಸಹಜವೇ ಸರಿ.

ಈಚಿನ ವರ್ಷಗಳಲ್ಲಿ ತಾಯಿತಂದೆಗಳು ನಮ್ಮಲ್ಲಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಹುಡುಗಿಯು ಸೇನೆಗೆ ಸೇರಿದರೆ ಯಾವ ಪದವಿಯಲ್ಲಿ ಸೇರುವಳು ಎಂಬುದು ಮೊದಲನೆಯದು. ಬಡ್ತಿಯು ಎಷ್ಟು ಬೇಗ ದೊರೆಯುವುದು ಎಂಬುದು ಎರಡನೆಯದು. ಇವೆರಡಕ್ಕೂ ಒಂದೇ ಮಾತಿನಲ್ಲಿ ಉತ್ತರ ಹೇಳಬೇಕಾದರೆ, ಸೇನೆಗೆ ಹಲವು ಬಾಗಿಲುಗಳುಂಟು. ಯಾವ ಬಾಗಿಲಿನಿಂದ ಒಳಹೊಕ್ಕರೋ ಅದರಿಂದಲೇ ಮೊದಲನೆಯ ಪದವಿಯೂ ಮುಂದಿನ ಬಡ್ತಿಯ ವೇಗವೂ ಬಹುಮಟ್ಟಿಗೆ ನಿರ್ಣಯವಾಗುವುವು. ಆ ಬಾಗಿಲನ್ನು ತೆರೆಯುವುದು ಹುಡುಗಿಯು ಎಷ್ಟು ವರ್ಷ, ಯಾವ ವಿಷಯಗಳನ್ನು ಓದಿರುವಳೆಂಬುದು. ಆದಕಾರಣ ಇದು ಶಾಲೆಗೆ ಸಂಬಂಧಪಟ್ಟ ವಿಷಯವೆಂದೇ ನಾವು ಎಣಿಸಿ ಈ ಲೇಖನವನ್ನು ಬರೆದಿದ್ದೇವೆ.

ಬಾಗಿಲಿನ ಮಹತ್ವವನ್ನು ತಿಳಿಯಲು ನಮ್ಮ ನಾಡಿನದೇ ಆದ ಒಂದು ನಿದರ್ಶನವುಂಟು. ಬ್ರಿಟಿಷರ ಆಳಿಕೆಯಲ್ಲಿ ಸಿಪಾಯಿಯಾಗಿ ಸೇರಿದ ಭಾರತೀಯನು ಜೀವಮಾನವೆಲ್ಲಾ ದುಡಿದು ಸುಬೇದಾರ್ ಮೇಜರ್ ಆಗಬಹುದಾಗಿತ್ತು. ಆದರೂ ನಿನ್ನೆ ಮೊನ್ನೆ ಬಂದ ಆಂಗ್ಲ ಸೆಕೆಂಡ್ ಲೆಫ್ಟಿನೆಂಟನಿಗಿಂತ ಅವನ ಸ್ಥಾನವು ಕೆಳಗೇ ಇರುತ್ತಿತ್ತು. 1919ರಲ್ಲಿ ಇಂದೋರಿನ ಕೆಡೆಟ್ ಕಾಲೇಜಿನಲ್ಲಿ ಕೆಲವು ಮಂದಿ ಭಾರತೀಯ ತರುಣರಿಗೆ ಶಿಕ್ಷಣವಿತ್ತು ಅಧಿಕಾರಿಗಳ ಪದವಿಯನ್ನು ಕೊಡಲಾಯಿತು. ಅವರಲ್ಲಿ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಒಬ್ಬರು. 1949ರ ಜನವರಿ 15ರಂದು ಅವರು ಭಾರತ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಅವರ ಶಕ್ತಿ ಸಾಮರ್ಥ್ಯಗಳು ದೊಡ್ಡವು. ಆದರೆ ಅಷ್ಟೇ ಶಕ್ತಿಯುಳ್ಳ ಎಷ್ಟೋ ಮಂದಿ ಸಿಪಾಯಿಗಳಿಗೆ ಆ ಬಾಗಿಲು ತೆರೆದಿರಲಿಲ್ಲವೆಂಬುದನ್ನೂ ನಾವು ಮರೆಯಲಾಗದು.

ಇನ್ನು ಸೈನಿಕರ ಬಾಗಿಲನ್ನು ನೋಡೋಣ. ಭೂಸೇನೆಯಲ್ಲಿ ಆಯ್ಕೆಯಾದವನು ಕೂಡಲೇ ಸಿಪಾಯಿಯಾಗುವುದಿಲ್ಲ. ತರಬೇತಿಯ ಅವಧಿಯಲ್ಲಿ ಅವನು ರಿಕ್ರೂಟನೆನಿಸುವನು. ತರಬೇತಿ ಮುಗಿದು, ಪ್ರತಿಜ್ಞೆ ಮಾಡಿ ಪಥಸಂಚಲನದಲ್ಲಿ ನಡೆದ ಮೇಲೆಯೇ ಸೈನಿಕನೆನಿಸುವನು. ಅಲ್ಲಿಂದ ಮೇಲೆ ಕ್ರಮವಾಗಿ ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂಬ ಪದವಿಗಳು. ತೋಳಿನ ಮೇಲೆ ಒಂದು, ಎರಡು, ಮೂರು ಪಟ್ಟಿಗಳು ಇವುಗಳ ಗುರುತು. ಅವುಗಳ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ವಾಯುಸೇನೆಯಲ್ಲಿ ಇದೇ ರೀತಿ ಏರ್‌ಕ್ರಾಫ್ಟ್ಸ್‌ಮನ್, ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್, ಕಾರ್ಪೊರಲ್, ಸಾರ್ಜೆಂಟ್ ಎಂದು ಮೆಟ್ಟಿಲುಗಳಿರುವುವು.

ಈ ಮೆಟ್ಟಿಲುಗಳನ್ನು ಹತ್ತಲು ಪರೀಕ್ಷೆಗಳಲ್ಲಿ ಉತ್ತೀರ್ಣರಾಗುವುದು ಮಾತ್ರ ಸಾಲದು; ಮೇಲಿನ ಸ್ಥಾನವು ತೆರವಾಗಿಯೂ ಇರಬೇಕು. ಆದುದರಿಂದ ಬಡ್ತಿಯು ನಿಧಾನವಾಗಿ ಬರುವುದು. ಹೀಗೆ ಕಾಯುವವರಿಗೆ ನಷ್ಟವಾಗದಿರಲೆಂದು ಕಾಯಂ ಸೈನಿಕರಿಗೆ 8, 16 ಮತ್ತು 24 ವರ್ಷಗಳ ಸೇವೆಯಾದಾಗ ಮೇಲಿನ ದರ್ಜೆಯ ವೇತನವನ್ನು ಕೊಡುವ ಏರ್ಪಾಡು ಇರುವುದು. ವೇತನವು ಏರಿದ ಮಾತ್ರಕ್ಕೆ ಪದವಿಯು ಏರಿತೆಂದು ತಿಳಿಯಬಾರದು. ಇವೆರಡೂ ಬೇರೆ ಬೇರೆ.

ಹೆಣ್ಣುಮಕ್ಕಳಿಗೆ ಭೂಸೇನೆಯ ಸೈನಿಕರ ಬಾಗಿಲು ತೆರೆದುದು ತೀರ ಈಚೆಗೆ. ಅದು ಮೊದಲು ಕಣ್ಣಿಗೆ ಬಿದ್ದುದು ನಮ್ಮ ಬೆಂಗಳೂರಿನಲ್ಲಿಯೇ. ಮಿಲಿಟರಿ ಪೊಲೀಸ್ ದಳದ ಕೇಂದ್ರದಲ್ಲಿ 61 ವಾರಗಳ ಕಾಲ ಶಿಕ್ಷಣ ಪಡೆದ 83 ಮಂದಿ ಯುವತಿಯರು 2021ರ ಮೇ 8ರಂದು ಪ್ರತಿಜ್ಞೆ ಮಾಡಿ ಸೈನಿಕರಾದರು. ಅದಕ್ಕೆ ಮುಂಚೆ ಸ್ತ್ರೀಯರು ಭೂಸೇನೆಯಲ್ಲಿ ಅಧಿಕಾರಿಗಳಾಗಿಯೂ ವೈದ್ಯರಾಗಿಯೂ ದಾದಿಯರಾಗಿಯೂ ಇದ್ದರೇ ಹೊರತು ಸಾಮಾನ್ಯ ಸೈನಿಕರ ಸಾಲಿನಲ್ಲಿ ಇರಲಿಲ್ಲ.

ಇದಾದ ಮರುವರ್ಷವೇ ಸೈನಿಕರನ್ನು ಸೇರಿಸಿಕೊಳ್ಳುವ ಪದ್ಧತಿಯೇ ಬದಲಾಯಿತು. 2022ರ ಜೂನ್ 14ರಂದು ಸರ್ಕಾರವು ಅಗ್ನಿಪಥವೆಂಬ ಯೋಜನೆಯನ್ನು ಪ್ರಕಟಿಸಿತು. ಅದರ ಮೂಲಕ ಸೇರುವವರಿಗೆ ಅಗ್ನಿವೀರರೆಂದು ಹೆಸರು. ತಾಯಿತಂದೆಗಳು ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದುಂಟು. ಅಗ್ನಿವೀರ ಎಂಬುದು ತಾನೇ ಒಂದು ಪ್ರತ್ಯೇಕ ದರ್ಜೆ. ಅದು ಸಿಪಾಯಿ ಮೊದಲಾದ ಹಿಂದಿನ ಯಾವ ಪದವಿಗೂ ಸೇರಿದುದಲ್ಲ. ಸೇವೆಯ ಅವಧಿಯು ತರಬೇತಿಯೂ ಸೇರಿ ನಾಲ್ಕು ವರ್ಷ. ಈ ನಾಲ್ಕು ವರ್ಷ ಅದೇ ಹೆಸರು, ಅದೇ ಗುರುತು. ವರ್ಷ ವರ್ಷಕ್ಕೆ ವೇತನವು ಏರುವುದು, ಪದವಿಯು ಏರುವುದಿಲ್ಲ. ಅವಧಿ ಮುಗಿದ ಬಳಿಕ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಕಾಯಂ ಸೇವೆಗೆ ಆರಿಸಿಕೊಳ್ಳುವುದೆಂದೂ, ಉಳಿದವರು ಹೊರಬರುವುದೆಂದೂ ಯೋಜನೆಯು ವಿಧಿಸಿತು. ಹೊರಬಂದವರಿಗೆ ನಿವೃತ್ತಿವೇತನವಾಗಲಿ ಗ್ರಾಚ್ಯುಯಿಟಿಯಾಗಲಿ ಇಲ್ಲ.

ಹಣದ ಲೆಕ್ಕವನ್ನೂ ಸ್ಪಷ್ಟವಾಗಿ ನೋಡುವುದು ಒಳ್ಳೆಯದು. ಯೋಜನೆಯನ್ನು ಪ್ರಕಟಿಸಿದಾಗ ಗೊತ್ತುಮಾಡಿದ ಮಾಸಿಕ ವೇತನವು ಮೊದಲನೆಯ ವರ್ಷ 30,000 ರೂಪಾಯಿ, ಎರಡನೆಯ ವರ್ಷ 33,000, ಮೂರನೆಯ ವರ್ಷ 36,500, ನಾಲ್ಕನೆಯ ವರ್ಷ 40,000. ಇದರಲ್ಲಿ ನೂರಕ್ಕೆ 30 ಭಾಗವು ಸೇವಾನಿಧಿಗೆ ಹೋಗುವುದು. ಆದುದರಿಂದ ಮೊದಲ ವರ್ಷದಲ್ಲಿ ತಿಂಗಳಿಗೆ ಕೈಗೆ ಬರುವುದು 21,000, ಕೊನೆಯ ವರ್ಷದಲ್ಲಿ 28,000. ನಾಲ್ಕು ವರ್ಷಗಳಲ್ಲಿ ಹೀಗೆ ಕೂಡುವ ಮೊತ್ತವು ಸುಮಾರು 5 ಲಕ್ಷ 2 ಸಾವಿರ. ಸರ್ಕಾರವೂ ಅಷ್ಟೇ ಮೊತ್ತವನ್ನು ಸೇರಿಸುವುದು. ಬಡ್ಡಿಯೂ ಕೂಡಿ ಸುಮಾರು 11 ಲಕ್ಷ 71 ಸಾವಿರ ರೂಪಾಯಿ ದೊರೆಯುವುದೆಂದು ಆಗ ತಿಳಿಸಲಾಗಿತ್ತು. ಇಪ್ಪತ್ತೆರಡು ವರ್ಷದ ಹುಡುಗಿಯ ಕೈಯಲ್ಲಿ ಇದು ಅಲ್ಪವಾದ ಹಣವಲ್ಲ. ಹತ್ತನೆಯ ತರಗತಿಯನ್ನು ಮುಗಿಸಿ ಸೇರಿದವರಿಗೆ ಹನ್ನೆರಡನೆಯ ತರಗತಿಗೆ ಸಮನಾದ ಪ್ರಮಾಣಪತ್ರವನ್ನು ಪಡೆಯುವ ಅನುಕೂಲವೂ, ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ಕೆಲಸಗಳಲ್ಲಿ ನೂರಕ್ಕೆ ಹತ್ತರ ಮೀಸಲಾತಿಯೂ ಪ್ರಕಟವಾದುವು.

ಈ ಬಾಗಿಲಿನಿಂದ ನಮ್ಮ ರಾಜ್ಯದಲ್ಲಿಯೇ ಹೆಣ್ಣುಮಕ್ಕಳು ಒಳಹೊಕ್ಕಿರುವರು. ಬೆಳಗಾವಿಯಲ್ಲಿರುವ ವಾಯುಸೇನೆಯ ತರಬೇತಿ ಶಾಲೆಯಿಂದ 2023ರ ಡಿಸೆಂಬರಿನಲ್ಲಿ 153 ಮಂದಿ ಯುವತಿಯರು ಅಗ್ನಿವೀರರಾಗಿ ಹೊರಬಂದರು. ಅವರನ್ನು ಕಂಡು ಯಾವ ಶಾಲೆಗೂ ಹೆಮ್ಮೆಯೆನಿಸಬೇಕು.

ಮೂರನೆಯದಾಗಿ ಅಧಿಕಾರಿಗಳ ಬಾಗಿಲು. ಇಲ್ಲಿ ಭೂಸೇನೆಯ ಮೊದಲನೆಯ ಪದವಿಯೇ ಲೆಫ್ಟಿನೆಂಟ್. ಹಿಂದೆ ಇದಕ್ಕೂ ಕೆಳಗೆ ಸೆಕೆಂಡ್ ಲೆಫ್ಟಿನೆಂಟ್ ಎಂಬ ಮೆಟ್ಟಿಲೊಂದಿತ್ತು, ಈಗ ಅದಿಲ್ಲ. 2004ರಲ್ಲಿ ಜಾರಿಗೆ ಬಂದ ಕ್ರಮದಂತೆ 2 ವರ್ಷಗಳ ಸೇವೆಗೆ ಕ್ಯಾಪ್ಟನ್, 6 ವರ್ಷಗಳಿಗೆ ಮೇಜರ್, 13 ವರ್ಷಗಳಿಗೆ ಲೆಫ್ಟಿನೆಂಟ್ ಕರ್ನಲ್ ಪದವಿಗಳು, ವಿಧಿಸಿದ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಕಾಲಾನುಸಾರವಾಗಿ ದೊರೆಯುವುವು. ಮೇಲಿನ ಸ್ಥಾನವು ತೆರವಾಗಲೆಂದು ಕಾಯಬೇಕಾಗಿಲ್ಲ. ಅದಕ್ಕೂ ಮೇಲಿನ ಪದವಿಗಳು ಆಯ್ಕೆಯಿಂದ ಬರುವುವು. ವಾಯುಸೇನೆಯಲ್ಲಿಯೂ ಫ್ಲೈಯಿಂಗ್ ಆಫೀಸರ್ ಎಂದು ಆರಂಭಿಸಿ ಇಷ್ಟೇ ವರ್ಷಗಳಲ್ಲಿ ಫ್ಲೈಟ್ ಲೆಫ್ಟಿನೆಂಟ್, ಸ್ಕ್ವಾಡ್ರನ್ ಲೀಡರ್, ವಿಂಗ್ ಕಮಾಂಡರ್ ಆಗುವರು. ಏಳನೆಯ ವೇತನ ಆಯೋಗದ ಪ್ರಕಾರ ಸಿಪಾಯಿಯ ಮೂಲವೇತನವು 21,700 ರೂಪಾಯಿಗಳಿಂದಲೂ ಲೆಫ್ಟಿನೆಂಟರದು 56,100 ರೂಪಾಯಿಗಳಿಂದಲೂ ಆರಂಭವಾಯಿತು.

ಈ ಬಾಗಿಲಿಗೆ ಮೂರು ದಾರಿಗಳು ನಮ್ಮ ಹುಡುಗಿಯರಿಗೆ ಹತ್ತಿರವಾದವು. ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯು ಮೊದಲನೆಯದು. 2021ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇತ್ತ ಆಜ್ಞೆಯಿಂದ ಅದರ ಪ್ರವೇಶ ಪರೀಕ್ಷೆಯು ಹುಡುಗಿಯರಿಗೂ ತೆರೆಯಿತು. 2022ರಲ್ಲಿ 19 ಮಂದಿ ಸೇರಿದರು. ಅವರಲ್ಲಿ 17 ಮಂದಿ 2025ರ ಮೇ 30ರಂದು ಅಲ್ಲಿಯ ಶಿಕ್ಷಣವನ್ನು ಮುಗಿಸಿದರು. ಪದವೀಧರರಿಗೆ ಅಲ್ಪಾವಧಿಯ ಅಧಿಕಾರಿಗಳಾಗಿ ಸೇರುವುದು ಎರಡನೆಯ ದಾರಿ, ಎನ್. ಸಿ. ಸಿ.ಯ 'ಸಿ' ಪ್ರಮಾಣಪತ್ರವನ್ನು ಪಡೆದವರಿಗೆ ಇಲ್ಲಿ ಲಿಖಿತ ಪರೀಕ್ಷೆಯಿಲ್ಲದೆ ಸಂದರ್ಶನಕ್ಕೆ ಹೋಗುವ ವಿಶೇಷ ಅವಕಾಶವುಂಟು. ಸೇನೆಯ ದಾದಿಯರ ಸೇವೆ ಮೂರನೆಯದು. ನಮ್ಮ ಬೆಂಗಳೂರಿನ ವಾಯುಸೇನಾ ಕಮಾಂಡ್ ಆಸ್ಪತ್ರೆಯ ನರ್ಸಿಂಗ್ ಕಾಲೇಜು ಆ ಶಿಕ್ಷಣವನ್ನು ಕೊಡುವ ಕಾಲೇಜುಗಳಲ್ಲಿ ಒಂದು. ನಾಲ್ಕು ವರ್ಷಗಳ ವ್ಯಾಸಂಗದ ಕೊನೆಯಲ್ಲಿ ಆ ಸೇವೆಗೆ ಸೇರುವವರ ಮೊದಲನೆಯ ಪದವಿಯೂ ಲೆಫ್ಟಿನೆಂಟೇ.

ಈಗ ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳೋಣ. ಇಬ್ಬರಿಗೂ ಹದಿನೆಂಟು ವರ್ಷ, ಇಬ್ಬರೂ ಧೈರ್ಯವಂತೆಯರು. ಒಬ್ಬಳು ಅಗ್ನಿವೀರಳಾಗಿ ಸೇರಿದಳು. ಮತ್ತೊಬ್ಬಳು ರಕ್ಷಣಾ ಅಕಾಡೆಮಿಗೆ ಸೇರಿ ಅಲ್ಲಿ ಮೂರು ವರ್ಷ, ಅನಂತರ ಮತ್ತೊಂದು ಅಕಾಡೆಮಿಯಲ್ಲಿ ಒಂದು ವರ್ಷ ಕಲಿತಳು. ನಾಲ್ಕು ವರ್ಷಗಳಾದ ಮೇಲೆ ಇಬ್ಬರಿಗೂ ಇಪ್ಪತ್ತೆರಡು. ಮೊದಲನೆಯವಳು ಸೇವಾನಿಧಿಯ ಹಣದೊಡನೆ ಮುಂದೇನು ಎಂದು ಯೋಚಿಸಬೇಕಾಗಬಹುದು. ಎರಡನೆಯವಳು ಕಾಲೇಜು ಪದವಿಯೊಡನೆ ಲೆಫ್ಟಿನೆಂಟಳಾಗಿ ಸೇವೆಯನ್ನು ಆರಂಭಿಸುವಳು. ಇಬ್ಬರ ದೇಶಸೇವೆಯೂ ಸಮಾನವಾದ ಗೌರವಕ್ಕೆ ಯೋಗ್ಯವೇ. ಆದರೆ ಈ ವ್ಯತ್ಯಾಸವು ಹದಿನೆಂಟನೆಯ ವರ್ಷದಲ್ಲಿ ಉಂಟಾದುದಲ್ಲ. ಹದಿನಾರನೆಯ ವರ್ಷದಲ್ಲಿ, ಹತ್ತನೆಯ ತರಗತಿಯಾದ ಮೇಲೆ ಏನನ್ನು ಓದಬೇಕೆಂದು ಮನೆಯಲ್ಲಿ ತೀರ್ಮಾನಿಸಿದ ದಿನವೇ ಅದರ ಬೀಜವು ಬಿದ್ದಿತ್ತು.

ಹೆಚ್ಚಿನ ಪದವಿಯಲ್ಲಿಯೇ ಸೈನಿಕರ ಸಾಲಿಗೆ ಸೇರುವುದು ಎಂದಾದರೂ ಸಾಧ್ಯವೇ ಎಂದು ಕೇಳುವವರುಂಟು. ವಿಶೇಷ ವಿದ್ಯೆಗೆ ಅಂಥ ಅವಕಾಶಗಳಿರುವುವು. ಸೈನಿಕರಿಗೆ ಪಾಠ ಹೇಳುವ ಶಿಕ್ಷಕರನ್ನು ನೇರವಾಗಿ ಹವಾಲ್ದಾರರನ್ನಾಗಿಯೂ, ಆಯಾ ಧರ್ಮಗಳ ಬೋಧಕರನ್ನು ನೇರವಾಗಿ ನಾಯಬ್ ಸುಬೇದಾರರನ್ನಾಗಿಯೂ ಭೂಸೇನೆಯು ತೆಗೆದುಕೊಳ್ಳುವುದು. ಆದರೆ ಇವುಗಳ ಪ್ರಕಟಣೆಗಳು ಪುರುಷರನ್ನೇ ಉದ್ದೇಶಿಸಿ ಬಂದಿರುವುವು. ಹೆಣ್ಣುಮಕ್ಕಳಿಗೆ ಇಂಥ ದಾರಿಯನ್ನು ತೆರೆದುದು ಕ್ರೀಡೆ. ಬಂದೂಕಿನ ಗುರಿಯಾಟದಲ್ಲಿ ಹೆಸರುವಾಸಿಯಾದ ಪ್ರೀತಿ ರಜಕ್ ಎಂಬವರು 2022ರ ಡಿಸೆಂಬರಿನಲ್ಲಿ ಮಿಲಿಟರಿ ಪೊಲೀಸ್ ದಳಕ್ಕೆ ಹವಾಲ್ದಾರರಾಗಿಯೇ ಸೇರಿದರು. ಚೀನಾದ ಹಾಂಗ್‌ಝೌ ನಗರದಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡಕ್ಕೆ ಬೆಳ್ಳಿಯ ಪದಕವು ಬಂದಿತು. 2024ರ ಜನವರಿಯಲ್ಲಿ ಅವರು ಬಡ್ತಿ ಹೊಂದಿ ಭೂಸೇನೆಯ ಮೊದಲ ಮಹಿಳಾ ಸುಬೇದಾರರಾದರು. ಶೀಘ್ರ ಬಡ್ತಿಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಅದರ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿರಬೇಕೆಂಬುದನ್ನು ಹೇಳಬೇಕಾದುದಿಲ್ಲ.

ಹಣ ಕೊಟ್ಟರೆ ಸೇರಿದ ಕೂಡಲೇ ಪಟ್ಟಿ ಹಾಕಿಸಿಕೊಡುವೆವೆಂದು ದಲ್ಲಾಳಿಗಳು ಹೇಳಿದರೆ ಅದನ್ನು ಎಷ್ಟು ಮಾತ್ರಕ್ಕೂ ನಂಬಬಾರದು. ಯಾವ ಬಾಗಿಲಿಗೆ ಯಾವ ಪದವಿಯೆಂಬುದು ಪ್ರಕಟವಾದ ನಿಯಮದಲ್ಲಿದೆ. ಅಲ್ಲಿ ಬರೆದಿರದ ಪದವಿಯನ್ನು ಯಾರ ಶಿಫಾರಸೂ ತಂದುಕೊಡಲಾರದು.

ಕೊನೆಯದಾಗಿ ತಾಯಿತಂದೆಗಳಿಗೆ ನಾವು ಕೊಡುವ ಸಲಹೆಗಳು ಕೆಲವು. ಹುಡುಗಿಗೆ ಸೇನೆಯ ಮೇಲೆ ಮನಸ್ಸಿದ್ದರೆ ಗಣಿತವು ಕಷ್ಟವೆಂದು ಬಿಡಿಸಬೇಡಿರಿ. ರಕ್ಷಣಾ ಅಕಾಡೆಮಿಯ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತಕ್ಕೇ ಸಲ್ಲುವುವು. ಅಲ್ಲಿಂದ ವಾಯುಸೇನೆಗೂ ನೌಕಾಸೇನೆಗೂ ಹೋಗಬೇಕೆನ್ನುವವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿರಲೇಬೇಕು. ದಾದಿಯರ ಸೇವೆಗೆ ಜೀವಶಾಸ್ತ್ರವು ಬೇಕು. ವಯಸ್ಸಿನ ಮಿತಿಯು ಕಟ್ಟುನಿಟ್ಟಾದುದು; ಆದುದರಿಂದ ಶಾಲೆಯ ದಾಖಲೆಯಲ್ಲಿ ಜನ್ಮದಿನಾಂಕವು ಸರಿಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿರಿ. ರಕ್ಷಣಾ ಅಕಾಡೆಮಿಗಾಗಲಿ ಅಗ್ನಿಪಥಕ್ಕಾಗಲಿ ಅವಿವಾಹಿತರಿಗೆ ಮಾತ್ರ ಪ್ರವೇಶ. ಆದಕಾರಣ ಹದಿನೆಂಟು ತುಂಬಿದೊಡನೆ ಮದುವೆಯ ಮಾತನ್ನು ಎತ್ತುವುದೆಂದರೆ ಈ ಎರಡು ಬಾಗಿಲುಗಳನ್ನೂ ಮುಚ್ಚಿದಂತೆಯೇ ಸರಿ.

ಮನೆಯ ಸ್ಥಿತಿಯ ಕಾರಣ ಬೇಗ ಸಂಪಾದನೆಗೆ ಹೋಗಲೇಬೇಕಾದ ಹುಡುಗಿಯರೂ ನಮ್ಮಲ್ಲಿರುವರು. ಅಂಥವರು ಅಗ್ನಿವೀರರಾದರೆ ನಾವು ಮನಃಪೂರ್ವಕವಾಗಿ ಹರಸುವೆವು. ನಾಲ್ಕು ವರ್ಷಗಳಲ್ಲಿ ಓದನ್ನು ಕೈಬಿಡಬಾರದೆಂಬುದಷ್ಟೇ ನಮ್ಮ ಮಾತು. ಆದರೆ ಇನ್ನೆರಡು ವರ್ಷ ಓದಿಸುವ ಶಕ್ತಿಯುಳ್ಳ ಮನೆಯವರು ಅವಸರಪಡದಿರಲಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಈ ಮೂರು ಸೇನೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದರೆ, ರಜೆಯಲ್ಲಿ ಊರಿಗೆ ಬಂದಾಗ ಶಾಲೆಗೆ ಬಂದು ಹತ್ತನೆಯ ತರಗತಿಯ ಮಕ್ಕಳೊಡನೆ ಒಂದು ಗಂಟೆ ಮಾತನಾಡಬೇಕೆಂದು ಕೇಳಿಕೊಳ್ಳುತ್ತೇವೆ. ನಾವು ಇಲ್ಲಿ ಬರೆದುದಕ್ಕಿಂತ ಅವರ ಬಾಯಿಂದ ಬಂದ ಮಾತು ಮಕ್ಕಳ ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲುವುದು.