ತಟಸ್ಥವಲ್ಲದ ಸಾಕ್ಷಿ

ಮನೆಮನೆಯ ಗೋಡೆಯ ಮೇಲೂ ಮೂರು ರಂಧ್ರಗಳ ಒಂದು ಪುಟ್ಟ ಫಲಕವುಂಟು. ದೀಪಕ್ಕೆ ಬೆಳಕನ್ನೂ ಫ್ಯಾನಿಗೆ ಚಲನೆಯನ್ನೂ ಕೊಡುವ ಶಕ್ತಿ ಅದರ ಹಿಂದೆ ಹಗಲಿರುಳೂ ಎಚ್ಚರವಾಗಿ ನಿಂತಿರುತ್ತದೆ. ಅದು 230 ವೋಲ್ಟಿನದೆಂದು ಶಾಲೆಯ ಬಾಲಕನೂ ಬಲ್ಲ. ಆದರೆ ಆ 230 ಎಂಬುದು ನಿಜವಾಗಿ ಯಾವುದರ ಅಳತೆ ಎಂದು ಕೇಳಿದರೆ ಬಲ್ಲವರೂ ಕ್ಷಣಕಾಲ ತಡವರಿಸುವುದುಂಟು.

ಹೊಳೆಯ ನೀರಿನಂತೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಲ್ಲ ಅದು. ಉಯ್ಯಾಲೆಯಂತೆ ಹೋಗಿ ಬರುವಂಥದು. ಸೊನ್ನೆಯಿಂದ ಏರಿ, ನೆತ್ತಿ ಮುಟ್ಟಿ, ಇಳಿದು, ಸೊನ್ನೆಯನ್ನು ದಾಟಿ, ಆಚೆಯ ಕಡೆಗೂ ಅಷ್ಟೇ ದೂರ ಹೋಗಿ ಮರಳುತ್ತದೆ. ಹೀಗೆ ಸೆಕೆಂಡಿಗೆ 50 ಆವರ್ತಗಳು. ಈ ಏರಿಳಿತವು ಎಷ್ಟು ಕಾವನ್ನು ಕೊಡುವುದೋ ಅಷ್ಟನ್ನೇ ಕೊಡಬಲ್ಲ ಸ್ಥಿರ ವಿದ್ಯುತ್ತಿನ ಒತ್ತಡವೇ 230. ನೆತ್ತಿಯ ಅಳತೆಯಾದರೋ ಸುಮಾರು 325 ವೋಲ್ಟು. ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ 650. ಇರುವುದು 230 ಮಾತ್ರವೆಂದು ನಂಬಿ ಕುಳಿತವನ ಉಪಕರಣವನ್ನು ತಟ್ಟುವುದು ಈ 325.

ಈ ಅಲೆಯನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಹೊಸದಲ್ಲ. 1897ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಪ್ರಾಧ್ಯಾಪಕರಾಗಿದ್ದ ಜರ್ಮನಿಯ ಭೌತವಿಜ್ಞಾನಿ ಫರ್ಡಿನಾಂಡ್ ಬ್ರೌನ್ ಅವರು ಕ್ಯಾಥೋಡ್ ಕಿರಣದ ನಳಿಗೆಯನ್ನು ನಿರ್ಮಿಸಿದ್ದು, ಕ್ಷಣಕ್ಷಣಕ್ಕೂ ಬದಲಾಗುವ ಪ್ರವಾಹದ ನಡೆಯನ್ನು ಕಣ್ಣಿಗೆ ಕಾಣಿಸುವುದಕ್ಕಾಗಿಯೇ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು 1902ರಲ್ಲಿ. ಬೆಂಗಳೂರಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ಬ್ರೌನರ ನಳಿಗೆಯ ಸಂತತಿಯೇ ಇಂದಿನ ಆಸಿಲೋಸ್ಕೋಪು. ಕನ್ನಡದಲ್ಲಿ ಆಂದೋಲನದರ್ಶಕವೆನ್ನಬಹುದು. ಹಿಂದೆ ದೊಡ್ಡ ಪ್ರಯೋಗಶಾಲೆಗಳ ಸೊತ್ತಾಗಿದ್ದ ಈ ಯಂತ್ರ ಇಂದು ಆಸಕ್ತ ವಿದ್ಯಾರ್ಥಿಯ ಮೇಜಿನ ಮೇಲೂ ಬಂದು ಕುಳಿತಿದೆ. ಬಂದೊಡನೆ ಅವನಿಗೆ ಹುಟ್ಟುವ ಮೊದಲ ಆಸೆಗಳಲ್ಲಿ ಗೋಡೆಯ ವಿದ್ಯುತ್ತನ್ನು ನೋಡುವುದೂ ಒಂದು. ಅಪಾಯವಿರುವುದು ಅಲ್ಲಿಯೇ.

ನೋಡುವ ಯಂತ್ರವು ಬರಿಯ ನೋಟಕನೆಂದು ನಾವು ಎಣಿಸುತ್ತೇವೆ. ವೇದಾಂತಿಗಳು ಹೇಳುವ ಸಾಕ್ಷಿಯಂತೆ ಅದು ಯಾವುದನ್ನೂ ಅಂಟಿಸಿಕೊಳ್ಳದೆ ದೂರದಲ್ಲಿ ನಿಂತು ನೋಡುತ್ತದೆಂಬುದು ನಮ್ಮ ಭಾವನೆ. ಆಸಿಲೋಸ್ಕೋಪು ಅಂಥ ಸಾಕ್ಷಿಯಲ್ಲ. ಅದರ ಪ್ರೋಬಿನಲ್ಲಿ ಒಂದು ಮೊನೆಯೂ, ಒಂದು ಸಣ್ಣ ವಯರಿನ ತುದಿಯಲ್ಲಿ ಒಂದು ಕ್ಲಿಪ್ಪೂ ಇರುತ್ತವೆ. ಮೇಜಿನ ಮೇಲಿಡುವ ಸಾಮಾನ್ಯ ಯಂತ್ರಗಳಲ್ಲಿ ಆ ಕ್ಲಿಪ್ಪು ಯಂತ್ರದ ಲೋಹದ ಮೈಗೂ, ಅಲ್ಲಿಂದ ಪ್ಲಗ್ಗಿನ ದಪ್ಪ ಕಾಲಿನ ಮೂಲಕ ನೇರವಾಗಿ ನೆಲಕ್ಕೂ ಸೇರಿರುತ್ತದೆ. ನಮ್ಮ ಊರುಗಳ ವಯರ್‌ಮನ್ ಇದನ್ನು ‘ಅರ್ಥ್’ ಎನ್ನುತ್ತಾನೆ. ಕನ್ನಡದ ಕಿವಿಗೆ ಅದು ‘ಅರ್ಥ’ವೆಂದೇ ಕೇಳಿಸುತ್ತದೆ, ಕೇಳಿಸಿದರೆ ತಪ್ಪಿಲ್ಲ. ಯಾವ ವೋಲ್ಟೇಜೂ ಎರಡು ಬಿಂದುಗಳ ನಡುವಿನ ಅಂತರವೇ ಆದುದರಿಂದ, ಈ ಯಂತ್ರವು ತೋರಿಸುವ ಅಂಕಿಗೆ ಅರ್ಥ ಬರುವುದು ನೆಲಕ್ಕೆ ಸೇರಿದ ಆ ಬಿಂದುವಿನಿಂದಲೇ.

ಇನ್ನು ಆ ಕ್ಲಿಪ್ಪನ್ನು ಫೇಸ್ ತಂತಿಗೆ ಕಚ್ಚಿಸಿದರೆ ಏನಾಗುವುದೆಂದು ಯೋಚಿಸಿ. ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ನ್ಯೂಟ್ರಲ್ ತಂತಿಯು ನೆಲಕ್ಕೆ ಸೇರಿರುವುದರಿಂದ, ಫೇಸಿಗೂ ನೆಲಕ್ಕೂ ನಡುವೆ ಪೂರ್ಣ 230 ವೋಲ್ಟು ಇದ್ದೇ ಇರುತ್ತದೆ. ಕ್ಲಿಪ್ಪು ಅವೆರಡನ್ನೂ ನೇರವಾಗಿ ಕೂಡಿಸುತ್ತದೆ. ಕಿಡಿ ಹಾರಿ, ವಯರು ಕರಗಿ, ಯಂತ್ರ ಸುಡುವುದಕ್ಕೆ ಒಂದು ಕ್ಷಣ ಸಾಕು. ಹಾಗಾದರೆ ನ್ಯೂಟ್ರಲ್ಲಿಗೆ ಕಚ್ಚಿಸಬಹುದಲ್ಲ ಎಂದರೆ, ಅದೂ ಸಲ್ಲದು. ಫೇಸು ನ್ಯೂಟ್ರಲ್ಲುಗಳು ಅದಲುಬದಲಾದ ಸಾಕೆಟ್ಟುಗಳು ಅಪೂರ್ವವಲ್ಲ. ನ್ಯೂಟ್ರಲ್ಲಿನ ಪ್ರವಾಹಕ್ಕೆ ನೆಲದ ದಾರಿಯನ್ನು ತೆರೆದಂತಾಗುವುದೂ ಸರಿಯಲ್ಲ.

ಈ ತೊಡಕಿಗೆ ಕೆಲವರು ಕಂಡುಕೊಂಡ ಉಪಾಯವೊಂದುಂಟು: ಯಂತ್ರದ ಪ್ಲಗ್ಗಿನ ಅರ್ಥ್ ಕಾಲನ್ನು ಕಿತ್ತುಬಿಡುವುದು. ಆಗ ಕಿಡಿ ಹಾರುವುದಿಲ್ಲ, ಅಲೆಯೂ ಚೆಂದವಾಗಿ ಮೂಡುತ್ತದೆ. ಆದರೆ ಕ್ಲಿಪ್ಪು ಮುಟ್ಟಿದ ತಂತಿಯ ಒತ್ತಡವೆಲ್ಲ ಈಗ ಯಂತ್ರದ ಮೈಮೇಲೆ ಬಂದು ಕುಳಿತಿದೆ. ಅಂಚಿನ ಲೋಹವನ್ನು ಒಂದು ಕೈ ತಾಕಿದರೆ, ನೆಲಕ್ಕೆ ಇಳಿಯುವ ದಾರಿ ಆ ಮನುಷ್ಯನ ದೇಹ. ಯಂತ್ರವನ್ನು ಉಳಿಸಲು ಹೋಗಿ ಪ್ರಾಣವನ್ನು ಅಡವಿಡುವ ಈ ಅಭ್ಯಾಸಕ್ಕೆ ಜಾಣತನವೆಂಬ ಹೆಸರು ಸಲ್ಲದು.

ಹಾಗಾದರೆ ನೋಡುವ ಬಗೆ ಯಾವುದು? ಎಲ್ಲಕ್ಕಿಂತ ಮೇಲಾದುದು ಈ ಕೆಲಸಕ್ಕೆಂದೇ ಮಾಡಿದ ಡಿಫರೆನ್ಷಿಯಲ್ ಪ್ರೋಬು. ಅದರ ಎರಡು ಮೊನೆಗಳಲ್ಲಿ ಯಾವುದೂ ನೆಲಕ್ಕೆ ಸೇರಿದುದಲ್ಲ. ಅವುಗಳ ನಡುವಿನ ಅಂತರವನ್ನು ಮಾತ್ರ ಅದು ನೂರರಲ್ಲಿ ಒಂದು ಪಾಲಿಗೋ ಇನ್ನೂರರಲ್ಲಿ ಒಂದು ಪಾಲಿಗೋ ಇಳಿಸಿ ಯಂತ್ರಕ್ಕೆ ಒಪ್ಪಿಸುತ್ತದೆ. ನೂರರ ಲೆಕ್ಕದಲ್ಲಿ 325 ವೋಲ್ಟಿನ ನೆತ್ತಿ ಕೇವಲ 3.25 ಆಗುತ್ತದೆ. ಕೊಳ್ಳುವಾಗ ಅದರ ಮೇಲೆ ಬರೆದ ವೋಲ್ಟಿನ ಮಿತಿಯನ್ನೂ ‘ಕ್ಯಾಟ್’ ದರ್ಜೆಯನ್ನೂ ಓದಬೇಕು. ಮನೆಯ ಸಾಕೆಟ್ಟಿಗೆ ಕನಿಷ್ಠ ಎರಡನೆಯ ದರ್ಜೆಯಾದರೂ ಬೇಕು. ಮೀಟರಿನ ಬಳಿಯ ಹಲಗೆಗೆ ಅದು ಸಾಲದು.

ಎರಡು ಸಾಮಾನ್ಯ ಪ್ರೋಬುಗಳಿಂದ ಫೇಸನ್ನೂ ನ್ಯೂಟ್ರಲ್ಲನ್ನೂ ಬೇರೆಬೇರೆಯಾಗಿ ಮುಟ್ಟಿಸಿ, ಕ್ಲಿಪ್ಪುಗಳನ್ನು ಕಳಚಿಟ್ಟು, ಒಂದರಿಂದ ಇನ್ನೊಂದನ್ನು ಯಂತ್ರದಲ್ಲಿಯೇ ಕಳೆಯುವ ಕ್ರಮವೂ ಉಂಟು. ಆದರೆ ಪ್ರೋಬುಗಳು ಹತ್ತಕ್ಕೆ ಒಂದರಂತೆ ಇಳಿಸುವ ಸ್ಥಿತಿಯಲ್ಲಿರಬೇಕು; ಅಷ್ಟು ಒತ್ತಡವನ್ನು ತಾಳುವುವೆಂದು ಅವುಗಳ ಮೇಲೆ ಬರೆದಿರಲೂ ಬೇಕು. ಇಳಿಸದೆ ಬಿಟ್ಟರೆ 325 ವೋಲ್ಟು ಯಂತ್ರದ ಬಾಯಿಗೇ ಬಂದು ಬೀಳುತ್ತದೆ. ಇದು ಅನುಭವಿಗಳ ದಾರಿ, ಆರಂಭಿಸುವವರದಲ್ಲ.

ಆರಂಭಿಸುವವರಿಗೆ ಇರುವುದು ಚಿಕ್ಕ ಟ್ರಾನ್ಸ್‌ಫಾರ್ಮರು. ಎರಡು ಸುರುಳಿಗಳೂ ಪೂರ್ತಿ ಬೇರೆಯಾಗಿದ್ದು, ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತು, 9 ವೋಲ್ಟಿನ ಹೋಗಿಬರುವ ವಿದ್ಯುತ್ತನ್ನೇ ಹೊರಗೆ ಕೊಡುವಂಥದು ಸಾಕು. ಅಲೆಯ ಆಕಾರ ತುಸು ಮಾರ್ಪಡಬಹುದು. ಆವರ್ತದ ಲೆಕ್ಕ ಮಾತ್ರ ಕೆಡದು. ಬರಿಯ ಅಂಕಿಯಷ್ಟೇ ಬೇಕಾದವರಿಗೆ ಒಳ್ಳೆಯ ಮಲ್ಟಿಮೀಟರೇ ಹೆಚ್ಚು. ಅಂಕಿಗಾಗಿ ಅಲೆಯನ್ನು ಕೆಣಕಬೇಕಾಗಿಲ್ಲ.

ಹೀಗೆ ಎಚ್ಚರದಿಂದ ಕಂಡ ಅಲೆಯಲ್ಲಿ ಒಂದು ಸೋಜಿಗವೂ ಇದೆ. ಪುಸ್ತಕದ ಚಿತ್ರದಲ್ಲಿ ನುಣುಪಾಗಿ ದುಂಡಗಿರುವ ನೆತ್ತಿ, ನಮ್ಮ ಮನೆಗಳಲ್ಲಿ ಎಷ್ಟೋ ವೇಳೆ ಚಪ್ಪಟೆಯಾಗಿ ಕಾಣುತ್ತದೆ. ಊರಿನ ಟೆಲಿವಿಷನ್ನು, ಕಂಪ್ಯೂಟರು, ಎಲ್‌ಇಡಿ ದೀಪಗಳಲ್ಲಿ ಬಹಳಷ್ಟು ಅಲೆಯ ತುದಿಯಲ್ಲಿಯೇ ವಿದ್ಯುತ್ತನ್ನು ಹೀರುವುದರಿಂದ ಅದರ ತಲೆ ತಗ್ಗುತ್ತದೆ. ನೆರೆಹೊರೆಯ ಬದುಕೆಲ್ಲ ಆ ಒಂದು ಗೆರೆಯಲ್ಲಿ ತನ್ನ ಗುರುತನ್ನು ಬಿಟ್ಟಿರುತ್ತದೆ. ಅದನ್ನು ಓದುವ ಯಂತ್ರವೂ ಅದರ ಮುಂದೆ ಕುಳಿತವನೂ ಅದೇ ನೆಲದ ಮೇಲಿರುವವರೆಂಬುದನ್ನು ಮರೆಯದವನಿಗೆ ಮಾತ್ರ, ನಾಳೆಯೂ ಅದನ್ನು ಓದುವ ಭಾಗ್ಯ.