ಹೊಗೆರಹಿತ ಒಲೆ: ಕಟ್ಟಿಸಿದರೆ ಸಾಲದು, ಪಾಲಿಸಬೇಕು

ಕೆಲವು ವರ್ಷಗಳ ಹಿಂದಿನ ಮಾತು. ಐವತ್ತೈದರ ಆಸುಪಾಸಿನ ತಾಯಿಯೊಬ್ಬರು ಏದುಸಿರು ಬಿಡುತ್ತ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಕೆಮ್ಮು, ಕಫ, ನಾಲ್ಕು ಹೆಜ್ಜೆ ನಡೆದರೆ ಎದೆಯಲ್ಲಿ ಸುಂಯ್‌ಗುಡುವ ಸದ್ದು. "ತಾಯಿ, ಬೀಡಿ, ಹೊಗೆಸೊಪ್ಪಿನ ಅಭ್ಯಾಸವೇನಾದರೂ ಉಂಟೆ?" ಎಂದು ಕೇಳಿದೆವು. "ಶಿವ ಶಿವಾ! ಕೊರಳಲ್ಲಿ ಲಿಂಗ ಇರೋವಳಿಗೆ ಎಂಥ ಮಾತು ಕೇಳ್ತೀರಿ ಡಾಕ್ಟ್ರೇ" ಎಂದು ಅವರು ನೊಂದುಕೊಂಡರು. ವಾಸಾವಲೇಹ, ಸಿತೋಪಲಾದಿ ಚೂರ್ಣಗಳನ್ನು ಕೊಟ್ಟು ಪಥ್ಯ ಹೇಳಿದೆವು. ಸ್ವಲ್ಪ ಶಮನವಾಗುವುದು, ಮತ್ತೆ ಮರುಕಳಿಸುವುದು. ಹೀಗೆ ಒಂದೂವರೆ ವರ್ಷ ಕಳೆಯಿತು. ಮನೆಯಲ್ಲಿ ಹೊಗೆ ಇದೆಯೆ ಎಂದು ಒಮ್ಮೆ ವಿಚಾರಿಸಿದಾಗ, "ಇಲ್ಲ, ನಮ್ಮಲ್ಲಿ ಅಸ್ತ್ರ ಒಲೆ ಐತಿ" ಎಂಬ ಉತ್ತರ ಬಂದಿತ್ತು. ನಾವು ಅಷ್ಟಕ್ಕೇ ಸುಮ್ಮನಾದೆವು. ಅದು ನಮ್ಮ ತಪ್ಪು.

ಅವರ ಮೊಮ್ಮಗನ ಲಿಂಗದೀಕ್ಷೆಯ ಸಮಾರಂಭಕ್ಕೆ ಹೋದ ದಿನ ಅಡುಗೆಮನೆಯ ಹೊಸ್ತಿಲಲ್ಲೇ ನಮ್ಮ ಕಣ್ಣು ಉರಿಯತೊಡಗಿತು. ಒಲೆ ಅಸ್ತ್ರ ಒಲೆಯೇ. ಆದರೆ ಚಿಮಣಿಯಿಂದ ಹೊರಹೋಗಬೇಕಾದ ಹೊಗೆ ಒಲೆಯ ಬಾಯಿಂದ ಮರಳಿ ಮನೆಯೊಳಗೆ ನುಗ್ಗುತ್ತಿತ್ತು. ಕೊಳವೆಯನ್ನು ಕೊನೆಯ ಬಾರಿ ಶುಚಿಗೊಳಿಸಿದ್ದು ಯಾವಾಗ ಎಂದು ಕೇಳಿದರೆ ಮನೆಮಂದಿಯೆಲ್ಲ ಪರಸ್ಪರ ಮುಖ ನೋಡಿಕೊಂಡರು. ಒಲೆ ಹೆಂಗಸರದು, ಮಾಳಿಗೆ ಗಂಡಸರದು. ನಡುವಿನ ಕೊಳವೆ ಯಾರದೂ ಅಲ್ಲ!

ಶಾಸ್ತ್ರ ಹೇಳುವುದೇನು?

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಹಿಕ್ಕಾ ಮತ್ತು ಶ್ವಾಸರೋಗಗಳ ಕಾರಣಗಳನ್ನು ಎಣಿಸುವಾಗ ಧೂಳು ಮತ್ತು ಹೊಗೆಯನ್ನು ಸ್ಪಷ್ಟವಾಗಿ ಹೆಸರಿಸುತ್ತದೆ. ಸುಶ್ರುತರು ಹೊಗೆಯಿಂದ ಪೀಡಿತನಾದವನನ್ನು 'ಧೂಮೋಪಹತ'ನೆಂದು ಕರೆದು, ಉಬ್ಬಸ, ಸೀನು, ಕೆಮ್ಮು, ಕಣ್ಣುರಿ, ಕಣ್ಣು ಕೆಂಪಾಗುವಿಕೆಗಳನ್ನು ಲಕ್ಷಣಗಳೆಂದು ವಿವರಿಸಿದ್ದಾರೆ. ಆಧುನಿಕ ವೈದ್ಯವೂ ಇದನ್ನೇ ಸಮರ್ಥಿಸುತ್ತದೆ. ದೀರ್ಘಕಾಲ ಒಲೆಯ ಹೊಗೆ ಕುಡಿದವರಲ್ಲಿ ಶ್ವಾಸನಾಳಗಳು ಸಂಕುಚಿತವಾಗುವ ಕಾಯಿಲೆ, ಹೃದ್ರೋಗ, ಕಣ್ಣಿನ ಪೊರೆ ಇವುಗಳ ಸಂಭವ ಹೆಚ್ಚು. ಎಳೆಯ ಮಕ್ಕಳಲ್ಲಿ ನ್ಯುಮೋನಿಯಾ, ಗರ್ಭಿಣಿಯರಲ್ಲಿ ಕಡಿಮೆ ತೂಕದ ಶಿಶುವಿನ ಜನನ ಹೆಚ್ಚು. ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಅಂದರೆ ರೋಗಕಾರಣವನ್ನು ದೂರಮಾಡುವುದು. ಕಾರಣವು ಅಡುಗೆಮನೆಯಲ್ಲಿ ಉಳಿದಿರುವಾಗ ಅವಲೇಹವೇನು ಮಾಡೀತು?

ಒಲೆಯ ಮರ್ಮ

ಗ್ರಾಮೀಣ ಜನರ ಅಗತ್ಯಗಳಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. 1980ರ ದಶಕದಲ್ಲಿ ಅಲ್ಲಿ ರೂಪುಗೊಂಡದ್ದೇ ಅಸ್ತ್ರ ಒಲೆ. ಮುಚ್ಚಿದ ಉರಿಗೂಡು, ಕೆಳಗಿನಿಂದ ಗಾಳಿಯಾಡಲು ಜಾಲರಿ, ಸಾಲಾಗಿ ಮೂರು ಪಾತ್ರೆಗಳಿಗೆ ಸ್ಥಾನ, ಕೊನೆಯಲ್ಲಿ ಚಿಮಣಿ. ಉರಿಯ ಶಾಖವು ಮೂರು ಪಾತ್ರೆಗಳನ್ನೂ ತಾಗಿ ಮುಂದೆ ಸಾಗುವುದರಿಂದ ಕಟ್ಟಿಗೆಯೂ ಉಳಿಯುತ್ತದೆ.

ಹೊಗೆಯೆಂದರೆ ಉರಿಯದೆ ಉಳಿದ ಕಟ್ಟಿಗೆಯೇ ಸರಿ. ಶೀತದೇಶಗಳಲ್ಲಿ ಮನೆ ಬೆಚ್ಚಗಿಡುವ ಕೆಲವು ಒಲೆಗಳಲ್ಲಿ ಪ್ಲಾಟಿನಂ, ಪಲ್ಲಾಡಿಯಂ ಲೇಪಿಸಿದ ಜೇನುಗೂಡಿನಂಥ ಬಿಲ್ಲೆಯನ್ನು ಅಳವಡಿಸಿರುತ್ತಾರೆ. ಸಾಮಾನ್ಯವಾಗಿ ಹೊಗೆ ಹೊತ್ತಿಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕಾದರೆ, ಆ ಬಿಲ್ಲೆಯ ಸ್ಪರ್ಶದಿಂದ ಸುಮಾರು 260 ಡಿಗ್ರಿಯಲ್ಲೇ ಅದು ಉರಿದುಹೋಗುತ್ತದೆ. ಅಷ್ಟು ಬೆಲೆಬಾಳುವ ಒಲೆಗೂ ನಿಯಮಗಳು ಇವೇ: ಒಣಗಿದ ಕಟ್ಟಿಗೆ, ಕಸ ಸುಡದಿರುವಿಕೆ, ಕಾಲಕಾಲಕ್ಕೆ ಶುಚಿ. ಪಾಲನೆ ತಪ್ಪಿದರೆ ಪ್ಲಾಟಿನಂ ಕೂಡ ಮಸಿಗೆ ಸೋಲುತ್ತದೆ. ಇನ್ನು ನಮ್ಮ ಮಣ್ಣಿನ ಒಲೆಯ ಪಾಡೇನು!

ಪಾಲನೆಯ ಕ್ರಮ

ಕಟ್ಟಿಗೆ: ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗುವವರೆಗೆ ಉರಿ ಏಳದು, ಹೊಗೆ ಮಾತ್ರ ಏಳುತ್ತದೆ. ಮಳೆಗಾಲಕ್ಕೆ ಮೊದಲೇ ಕಡಿದು, ಸೀಳಿ, ನೆಲ ತಾಗದಂತೆ ಒಟ್ಟಬೇಕು. ಮೇಲೆ ಮುಚ್ಚಿಗೆ ಇರಲಿ, ಪಕ್ಕಗಳಲ್ಲಿ ಗಾಳಿಯಾಡಲಿ. ತುದಿಯಲ್ಲಿ ಬಿರುಕು ಕಂಡು, ಎರಡು ತುಂಡುಗಳನ್ನು ತಾಡಿಸಿದಾಗ ಮಂದ ಸದ್ದಿನ ಬದಲು ಗಟ್ಟಿ ಸದ್ದು ಬಂದರೆ ಅದು ಒಣಗಿದೆ ಎಂದರ್ಥ.

ಉರಿಗೂಡು: ಕಟ್ಟಿಗೆಯನ್ನು ಗೂಡಿನ ಅಳತೆಗೆ ತುಂಡರಿಸಬೇಕು. ಉದ್ದನೆಯ ಕೊರಡನ್ನು ಹೊರಗೆ ಚಾಚಿ ಉರಿಸಿದರೆ ಬಾಯಿ ಮುಚ್ಚದು, ಹೊಗೆ ನಿಲ್ಲದು. ಒಮ್ಮೆಗೇ ತುರುಕದೆ ಸ್ವಲ್ಪಸ್ವಲ್ಪವಾಗಿ ಒಡ್ಡಬೇಕು. ಜಾಲರಿಯ ಕೆಳಗಿನ ಬೂದಿಯನ್ನು ನಿತ್ಯವೂ ತೆಗೆಯಬೇಕು.

ಪಾತ್ರೆ: ಒಲೆಯ ಕಣ್ಣಿಗೆ ಪಾತ್ರೆ ಸರಿಯಾಗಿ ಕೂರಬೇಕು. ಬಳಸದ ಕಣ್ಣನ್ನು ತೆರೆದಿಡದೆ ನೀರು ತುಂಬಿದ ಪಾತ್ರೆಯಿಟ್ಟು ಮುಚ್ಚಬೇಕು.

ಚಿಮಣಿ: ತಿಂಗಳಿಗೊಮ್ಮೆ, ಒಲೆ ಪೂರ್ಣ ಆರಿದ ಮೇಲೆ, ಬಿದಿರುಗಳುವಿನ ತುದಿಗೆ ಗೋಣಿಯ ಚಿಂದಿ ಕಟ್ಟಿ ಕೊಳವೆಯೊಳಗೆ ಆಡಿಸಿ ಮಸಿಯನ್ನು ಕೆಳಗಿಳಿಸಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ಮಳೆನೀರು ಇಳಿಯದಂತೆ ತುದಿಗೆ ಟೋಪಿ ಇರಲಿ. ಗೋಡೆ ಬಿರುಕುಗಳಿಗೆ ಮಣ್ಣು ಮೆತ್ತಬೇಕು.

ಪ್ಲಾಸ್ಟಿಕ್ ಚೀಲ, ಬಣ್ಣ ಬಳಿದ ಮರ, ಟೈರಿನ ಚೂರು ಇವುಗಳನ್ನು ಯಾವ ಒಲೆಗೂ ಹಾಕಲಾಗದು. ಅವುಗಳ ಹೊಗೆ ವಿಷ.

ಎರಡು ಎಚ್ಚರಿಕೆಗಳು

ಮೊದಲನೆಯದು, ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬಾರದು. ಬಾಣಂತಿಯ ಮಂಚದ ಕೆಳಗೆ ಕೆಂಡವಿಡುವ ರೂಢಿ ಕೆಲವೆಡೆ ಇನ್ನೂ ಇದೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿಯೇ ತಾಯಿ ಮಗುವಿನ ಪ್ರಾಣ ಹೋಗಬಹುದು. ಎರಡನೆಯದು, 'ಹೊಗೆರಹಿತ' ಎಂಬ ಹೆಸರು ಅಡುಗೆಮನೆಗೆ ಮಾತ್ರ ಸಲ್ಲುತ್ತದೆ; ಹೊಗೆ ಹೊರಗಂತೂ ಹೋಗಿಯೇ ಹೋಗುತ್ತದೆ. ಅಡುಗೆ ಅನಿಲ ದೊರೆತವರು ನಿತ್ಯದ ಅಡುಗೆಗೆ ಅದನ್ನೇ ಬಳಸುವುದು ಶ್ರೇಯಸ್ಕರ. ಆದರೆ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಒಲೆ ಹೊತ್ತಿಸುವ ಮನೆಗಳು ಇನ್ನೂ ಬಹಳ. ಈ ಮಾತು ಅವರಿಗಾಗಿ.

ಕಾಯಕ ಯಾರದು?

ಆ ಮನೆಯ ಕಥೆಗೆ ಮರಳೋಣ. ಮರುದಿನವೇ ಮಗ ಮಾಳಿಗೆಯೇರಿ ಕೊಳವೆ ಬಿಡಿಸಿದ. ಅರ್ಧ ಬುಟ್ಟಿ ಮಸಿ ಬಿದ್ದಿತು. ಅಡುಗೆಮನೆ ತಿಳಿಯಾಯಿತು. ಆ ತಾಯಿಯನ್ನು ನಾವು ಜಿಲ್ಲಾಸ್ಪತ್ರೆಗೆ ಕಳುಹಿಸಿ ಉಸಿರಿನ ಪರೀಕ್ಷೆ ಮಾಡಿಸಿದೆವು. ಅಲ್ಲಿ ಕೊಟ್ಟ ಇನ್‌ಹೇಲರನ್ನು ಬಿಡದೆ ಬಳಸಬೇಕೆಂದು ತಿಳಿಸಿದೆವು. ಕೆಮ್ಮು ತಗ್ಗಿತು, ಆದರೆ ಕಳೆದುಹೋದ ಉಸಿರು ಪೂರ್ಣವಾಗಿ ಮರಳಲಿಲ್ಲ, ಮರಳುವುದೂ ಇಲ್ಲ. ಇಂದಿಗೂ ಅವರು ಮೆಟ್ಟಿಲ ನಡುವೆ ನಿಂತು ದಣಿವಾರಿಸಿಕೊಳ್ಳುತ್ತಾರೆ. ಒಂದೂವರೆ ವರ್ಷ ಮೊದಲೇ ನಾವು ಆ ಅಡುಗೆಮನೆಯನ್ನು ನೋಡಿದ್ದರೆ ಎಂಬ ಕೊರಗು ನಮ್ಮನ್ನು ಬಿಟ್ಟಿಲ್ಲ. ಈಗ ಆ ಒಲೆಯ ಮುಂದೆ ಕೂರುವವರು ಸೊಸೆ. ಪ್ರತಿ ಅಮಾವಾಸ್ಯೆಯ ಹಿಂದಿನ ದಿನ ಚಿಮಣಿ ಗುಡಿಸುವ ಕೆಲಸ ಮಗನದು.

ಶರಣ ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು, ಪತ್ನಿ ಮಹಾದೇವಿಯವರೊಡನೆ ಕಟ್ಟಿಗೆ ಹೊರೆಯ ಕಾಯಕದಿಂದ ದಾಸೋಹ ನಡೆಸಿದರೆಂದು ನಮ್ಮ ಪರಂಪರೆ ನೆನೆಯುತ್ತದೆ. ಅರಸನಾಗಿದ್ದವರಿಗೆ ಕಟ್ಟಿಗೆ ಹೊರುವುದು ಕೀಳೆನಿಸಲಿಲ್ಲ. ನಮ್ಮ ಮನೆಯ ಗಂಡುಮಕ್ಕಳಿಗೆ ಮಸಿ ಗುಡಿಸುವುದು ಏಕೆ ಕೀಳೆನಿಸಬೇಕು? ಇಂದು ಮನೆಗೆ ಹೋದೊಡನೆ ಅಡುಗೆಮನೆಯಲ್ಲಿ ಒಂದು ಗಳಿಗೆ ನಿಂತು ನೋಡಿರಿ. ಕಣ್ಣುರಿದರೆ ಏಣಿ ತನ್ನಿರಿ.