ಕಪ್ಪೆಯನ್ನು ಕೊಯ್ಯಲೊಲ್ಲದ ವಿದ್ಯಾರ್ಥಿ

ಪ್ರಶ್ನೆ: ಅಮೆರಿಕದಲ್ಲಿ ಶಾಲೆಯ ವಿದ್ಯಾರ್ಥಿಯು ಪ್ರಾಣಿಯನ್ನು ಕೊಯ್ಯಲಾರೆನೆಂದು ಹೇಳಬಹುದಂತೆ, ಅದು ಹೇಗೆ?

ಅಲ್ಲಿ ಎಲ್ಲ ಸಂಸ್ಥಾನಗಳಿಗೂ ಒಂದೇ ನಿಯಮವಿಲ್ಲವಾದುದರಿಂದ ಕ್ಯಾಲಿಫೋರ್ನಿಯವನ್ನು ಉದಾಹರಿಸುವೆನು. 1987ರಲ್ಲಿ ಅಲ್ಲಿಯ ಪ್ರೌಢಶಾಲೆಯೊಂದರ ಬಾಲಿಕೆಯು ಕಪ್ಪೆಯನ್ನು ಕೊಯ್ಯಲೊಪ್ಪದೆ ತನ್ನ ಅಂತಃಸಾಕ್ಷಿಯ ಮಾತನ್ನು ನ್ಯಾಯಾಲಯದವರೆಗೂ ಕೊಂಡೊಯ್ದಳು. ಮರುವರ್ಷವೇ ಶಾಸನಸಭೆಯು ಇಂತಹ ಮಕ್ಕಳಿಗಾಗಿ ಕಾಯಿದೆಯೊಂದನ್ನು ರಚಿಸಿತು. ಅದರಂತೆ, ಉಪಾಧ್ಯಾಯರು ಈ ಹಕ್ಕಿನ ವಿಷಯವನ್ನು ತರಗತಿಗೆ ತಿಳಿಸತಕ್ಕದ್ದು. ನೈತಿಕ ಆಕ್ಷೇಪವುಳ್ಳ ವಿದ್ಯಾರ್ಥಿಯು ತಂದೆತಾಯಿಗಳ ಇಲ್ಲವೆ ಪೋಷಕರ ಪತ್ರದೊಡನೆ ಅದನ್ನು ನಿವೇದಿಸಿದರೆ, ತಕ್ಕ ಪರ್ಯಾಯವು ಸಾಧ್ಯವೆಂದು ಉಪಾಧ್ಯಾಯರಿಗೆ ತೋರಿದಲ್ಲಿ, ಪ್ರತಿಕೃತಿ, ಚಲನಚಿತ್ರ, ಗ್ರಂಥ, ಕಂಪ್ಯೂಟರುಗಳ ಮೂಲಕ ಅದೇ ಜ್ಞಾನವನ್ನು ಪಡೆಯುವ ಮಾರ್ಗವನ್ನು ಇಬ್ಬರೂ ಕೂಡಿ ನಿಶ್ಚಯಿಸಬಹುದು. ಪಂಕ್ತಿಯಲ್ಲಿ ಒಂದು ವ್ಯಂಜನವನ್ನು ಒಲ್ಲೆನೆಂದವನನ್ನು ಎಲೆಯಿಂದ ಎಬ್ಬಿಸದೆ, ಹಸಿವು ತಣಿಯುವಂತೆ ಬೇರೊಂದನ್ನು ಬಡಿಸುವ ಗೃಹಸ್ಥನ ಕ್ರಮವೇ ಇದು. ಬದಲಿ ಅಭ್ಯಾಸಕ್ಕೂ ಸರಿಸಮನಾದ ಕಾಲ, ಶ್ರಮಗಳು ಬೇಕು. ಆದರೆ ದಂಡನೆಯೆಂಬಂತೆ ಅದನ್ನು ಕಠಿನಗೊಳಿಸಲಾಗದು. ನನಗೆ ಅತ್ಯಂತ ಮಾನವೀಯವಾಗಿ ತೋರುವ ನಿಬಂಧನೆಯೆಂದರೆ, ನಿರಾಕರಿಸಿದ ಕಾರಣಕ್ಕಾಗಿ ಮಗುವಿನ ವಿಷಯದಲ್ಲಿ ಭೇದವನ್ನೆಣಿಸಕೂಡದೆಂಬುದು. ಪರೀಕ್ಷೆಯಲ್ಲಿಯೇ ಪ್ರಾಣಿಹಿಂಸೆಯಿದ್ದಲ್ಲಿ ಬೇರೆ ಪರೀಕ್ಷೆಯನ್ನು ಕೋರುವುದಕ್ಕೂ ಅವಕಾಶವುಂಟು.